ಮಲೆನಾಡಿನ ಲಾಯದಲ್ಲಿ ಸೆಕೆ, ಒದ್ದೆ, ಚಳಿ

ನಮ್ಮದು ತೀರ್ಥಹಳ್ಳಿ ಕಡೆ. ಇರುವುದು ಸಣ್ಣ ಅಡಿಕೆ ತೋಟ, ಜೊತೆಗೆ ಎರಡು ಕುದುರೆ, ಚಂದ್ರಿ ಮತ್ತು ರಾಜ. ಮದುವೆ ದಿಬ್ಬಣಕ್ಕೆ ಬಾಡಿಗೆಗೆ ಒಯ್ಯುತ್ತೇನೆ. "ದನ ಸಾಕೋದೇ ಕಷ್ಟ, ಇನ್ನು ಕುದುರೆ ಯಾಕೋ ಮಾರಾಯ" ಅಂತ ಕೇಳದ ನೆಂಟರಿಲ್ಲ.

ಒಂದು ಏಪ್ರಿಲ್‌ನಲ್ಲಿ ಶಿವಮೊಗ್ಗದಲ್ಲಿ ದಿಬ್ಬಣವಿತ್ತು. ಮೋಡ ಮುಸುಕಿದೆ, ಬಿಸಿಲಿನ ಕಾಟವಿಲ್ಲ ಅಂತ ನಾನು ನಿಶ್ಚಿಂತೆಯಿಂದಿದ್ದೆ. ಅಲ್ಲೇ ಎಡವಿದ್ದು. ಮಳೆಗೆ ಮುಂಚಿನ ಆ ಕುದಿಯುವ ಸೆಕೆಯಲ್ಲಿ ಬೆವರು ಸುರಿಯುತ್ತದೆ, ಆರುವುದಿಲ್ಲ. ಆರಿದರೆ ತಾನೇ ಮೈ ತಣಿಯುವುದು? ಸುಮ್ಮನೆ ನಿಂತ ಕುದುರೆ ನಿಮಿಷಕ್ಕೆ 8ರಿಂದ 16 ಸಲ ಉಸಿರಾಡುತ್ತದೆ. ಚಂದ್ರಿಯ ಪಕ್ಕೆ ನೋಡುತ್ತಾ ಎಣಿಸಿದೆ, ಅರವತ್ತು ದಾಟಿತು. ಥರ್ಮಾಮೀಟರ್ 40 ಡಿಗ್ರಿ ತೋರಿಸಿತು, ಇರಬೇಕಾದ್ದು 37.5ರಿಂದ 38.5.

"ಕಾದ ಮೈಗೆ ತಣ್ಣೀರು ಹುಯ್ಬೇಡ್ರೋ, ನರ ಹಿಡ್ಕೊಳ್ಳುತ್ತೆ" ಅಂದರು ಸುತ್ತ ನಿಂತವರು. ಅವರ ಮಾತು ಕೇಳಿ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾ ಹತ್ತು ನಿಮಿಷ ಕಳೆದೆ. ಫೋನಿನಲ್ಲಿ ಡಾಕ್ಟರು ಬೈದರು: "ನೀರು ಹುಯ್ಯಿರಿ, ನಿಲ್ಲಿಸಬೇಡಿ." ಪಾತ್ರೆ ತೊಳೆಯುವ ಕಡೆಯಿಂದ ಪೈಪು ಎಳೆದು ಕುತ್ತಿಗೆ, ಎದೆ, ತೊಡೆ ಎಲ್ಲಕ್ಕೂ ಬಿಟ್ಟೆವು. ಹೊಟ್ಟೆಯಡಿ ಕೈಯೊಡ್ಡಿದರೆ ಇಳಿದು ಬರುವ ನೀರು ಉಗುರುಬೆಚ್ಚಗಿತ್ತು. ಅದು ತಣ್ಣಗೇ ಇಳಿಯುವ ತನಕ ಬಿಡಲಿಲ್ಲ. ಕುಡಿಯಲೂ ಕೊಟ್ಟೆ, ನಡುನಡುವೆ ತಡೆದು. ಅರ್ಧ ಗಂಟೆ ಕಳೆದ ಮೇಲೆ ಉಸಿರು ಇಪ್ಪತ್ತರ ಹತ್ತಿರ ಬಂತು. ಅಂದಿನಿಂದ ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರೊಳಗೆ, ಇಲ್ಲವೇ ಸಂಜೆ ಐದರ ಮೇಲಿನ ಮುಹೂರ್ತಕ್ಕೆ ಮಾತ್ರ ಒಪ್ಪುತ್ತೇನೆ. ಟಾರು ರಸ್ತೆಗೆ ಅಂಗೈ ಇಟ್ಟು ನೋಡದೆ ಇಳಿಸುವುದಿಲ್ಲ. ಕುದುರೆಯ ಬೆವರಲ್ಲಿ ಉಪ್ಪು ಬಹಳ ಹೋಗುತ್ತದೆ, ಹಾಗಾಗಿ ಹುರುಳಿ-ಬೂಸಾದ ಜೊತೆ ದಿನಕ್ಕೆ 30 ಗ್ರಾಂ ಉಪ್ಪು ಹಾಕುತ್ತೇನೆ, ದುಡಿಸಿದ ದಿನ ಇನ್ನಷ್ಟು.

ಆದರೆ ನಿಜವಾಗಿ ನನ್ನನ್ನು ಸೋಲಿಸಿದ್ದು ಸೆಕೆಯಲ್ಲ, ಮಳೆಗಾಲ. ಆಗುಂಬೆ ಕಡೆಯ ಗಾಳಿಮಳೆ ಅಂದರೆ ಲಾಯದೊಳಗೂ ಎರಚಲು. ಮೊದಲ ವರ್ಷ, ಪಾಪ ಚಳಿಯಾದೀತು ಅಂತ ನಾಲ್ಕೂ ಸುತ್ತ ಟಾರ್ಪಾಲು ಬಿಗಿದೆ. ದನದ ಕೊಟ್ಟಿಗೆಯ ರೂಢಿಯಂತೆ ಸೊಪ್ಪು ಹಾಸಿದೆ. ಗೊಬ್ಬರವಾಗುತ್ತದೆ ಅಂತ ಅಪ್ಪಯ್ಯನಿಗೂ ಖುಷಿ. ಹದಿನೈದು ದಿನಕ್ಕೆ ಎರಡೂ ಕೆಮ್ಮತೊಡಗಿದವು. ಬೆಳಿಗ್ಗೆ ಟಾರ್ಪಾಲು ಎತ್ತಿದರೆ ಗಂಜಲದ ಘಾಟಿಗೆ ನನ್ನ ಕಣ್ಣಲ್ಲೇ ನೀರು. ಅವು ರಾತ್ರಿಯಿಡೀ ಅದನ್ನೇ ಉಸಿರಾಡಿದ್ದವು. ರಾಜನ ಹಿಂಗಾಲು ಎತ್ತಿ ನೋಡಿದೆ. ಗೊರಸಿನಡಿ ಮೂರು ಮೂಲೆಯ ಮೆತ್ತನೆ ಭಾಗವಿದೆಯಲ್ಲ, ಅದರ ಸಂದಿಯಲ್ಲಿ ಕಪ್ಪು ಲೋಳೆ, ಕೊಳೆತ ವಾಸನೆ. ಗೊರಸು ಕೆರೆಯುವ ಕೊಕ್ಕೆ ತಾಗಿದ್ದೇ ತಡ, ಕಾಲು ಕಿತ್ತುಕೊಂಡಿತು.

ಮದ್ದು ಮನೆಯಲ್ಲೇ ಇತ್ತು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡಲು ತಂದಿಟ್ಟ ಮೈಲುತುತ್ತ (ತಾಮ್ರದ ಸಲ್ಫೇಟ್)! ಸುಣ್ಣ ಬೆರೆಸಿದ ಬೋರ್ಡೋ ಅಲ್ಲ ಮತ್ತೆ, ಬರೀ ಮೈಲುತುತ್ತದ ತೆಳು ನೀರು, ಅದೂ ಡಾಕ್ಟರು ಹೇಳಿದ ಅಳತೆಯಲ್ಲಿ. ಗಟ್ಟಿಯಾದರೆ ಹಸಿ ಮಾಂಸ ಸುಡುತ್ತದೆ. ದಿನಾ ಸಂದಿ ಕೆರೆದು, ಒಣಗಿಸಿ, ಹತ್ತಿ ಅದ್ದಿ ಒತ್ತುತ್ತಿದ್ದೆ. ಮೂರು ವಾರ ಹಿಡಿಯಿತು.

ಈಗ ಮಳೆ ಹೊಡೆಯುವ ಪಡುವಣ ಮಗ್ಗುಲಲ್ಲಿ ಮಾತ್ರ ಪೂರ್ತಿ ಗೋಡೆ. ಉಳಿದ ಕಡೆ ಎದೆಮಟ್ಟದ ಗೋಡೆ, ಮೇಲೆಲ್ಲ ತೆರವು, ಮಾಡು ಮೂರಡಿ ಮುಂದಕ್ಕೆ. ನೆಲ ಎತ್ತರಿಸಿ, ನೀರು ಹರಿದುಹೋಗುವಂತೆ ವಾಟ ಕೊಟ್ಟಿದ್ದೇನೆ. ಸೊಪ್ಪಿನ ಬದಲು ಮಿಲ್ಲಿನ ಒಣ ಮರದ ಹೊಟ್ಟು, ಒದ್ದೆಯಾದದ್ದನ್ನು ದಿನಕ್ಕೆರಡು ಸಲ ತೆಗೆಯುತ್ತೇನೆ. ಕಂಬಳಿಯನ್ನೂ ಬಿಟ್ಟೆ. ಕುದುರೆಯ ಕೂದಲು ನಿಮಿರಿ ನಡುವೆ ಗಾಳಿ ಹಿಡಿದಿಟ್ಟು ಮೈ ಬೆಚ್ಚಗಿಡುತ್ತದೆ. ನೆಂದ ಮೈಮೇಲೆ ಕಂಬಳಿ ಹೊದಿಸಿದರೆ ಆ ಕೂದಲು ಚಪ್ಪಟೆ. ಮೊದಲು ಒಣಹುಲ್ಲಿನ ಸಿಂಬಿಯಿಂದ ಉಜ್ಜಿ ಒಣಗಿಸುವುದೇ ಸರಿ.

ಡಿಸೆಂಬರ್-ಜನವರಿಯ ಚಳಿಯನ್ನು ಅವು ನಮಗಿಂತ ಚೆನ್ನಾಗಿ ತಡೆಯುತ್ತವೆ. ಚಳಿಗೆ ಹುರುಳಿ ಹೆಚ್ಚು ಕೊಡು ಅನ್ನುವವರಿದ್ದಾರೆ, ಆದರೆ ಹೊಟ್ಟೆಯೊಳಗೆ ಹುದುಗಿ ಕಾವು ಹುಟ್ಟಿಸುವುದು ಮುಖ್ಯವಾಗಿ ಹುಲ್ಲು. ರಾತ್ರಿಗೆ ಒಂದು ಹೊರೆ ಜಾಸ್ತಿ ಹಾಕುತ್ತೇನೆ. ತೊಂದರೆ ಇರುವುದು ನೀರಿನಲ್ಲಿ. ಮಂಜು ಬಿದ್ದ ಬೆಳಗಿನಲ್ಲಿ ತಣ್ಣೀರಿಗೆ ಮೂತಿಯಿಟ್ಟು ಹಿಂತೆಗೆಯುತ್ತವೆ. ಒಣಹುಲ್ಲು ತಿಂದು ನೀರು ಕುಡಿಯದಿದ್ದರೆ ಹೊಟ್ಟೆ ಕಟ್ಟಿ ಶೂಲೆ ಬರುತ್ತದೆ. ಒಮ್ಮೆ ಲದ್ದಿ ಸಣ್ಣಗೆ, ಗಟ್ಟಿಯಾಗಿ ಬಿದ್ದದ್ದು ಕಂಡು ಗಾಬರಿಯಾಗಿ ಬಚ್ಚಲ ಹಂಡೆಯ ಬಿಸಿನೀರು ಬೆರೆಸಿ ಕೊಟ್ಟೆ. ಚಂದ್ರಿ ಬಕೆಟ್ಟಿನ ತಳ ಕಾಣುವವರೆಗೆ ಕುಡಿಯಿತು. "ಮನುಷ್ಯರ ಸ್ನಾನಕ್ಕೆ ನೀರಿಲ್ಲ" ಅಂತ ಅಮ್ಮ ಈಗಲೂ ಗೊಣಗುತ್ತಾಳೆ. ಗೋಡೆ ಮೇಲೆ ಇದ್ದಿಲಲ್ಲಿ ದಿನಾ ಬಕೆಟ್ ಲೆಕ್ಕ ಗೀಚಿಡುತ್ತೇನೆ; 25 ಲೀಟರಿಗೆ ಕಡಿಮೆಯಾದ ದಿನ ಬೂಸಾವನ್ನು ಗಂಜಿಯಂತೆ ತೆಳ್ಳಗೆ ಕಲಸಿ ಇಡುತ್ತೇನೆ.