ಅಪಘಾತ ಪರಿಹಾರ ಕಡಿಮೆ ಆಯಿತೇ? ಹೈಕೋರ್ಟ್‌ಗೆ ಹೋಗುವುದು ಹೀಗೆ

ರಸ್ತೆ ಅಪಘಾತದ ಕೇಸಿನಲ್ಲಿ ಟ್ರಿಬ್ಯೂನಲ್ (ಅಪಘಾತ ಪರಿಹಾರದ ನ್ಯಾಯಮಂಡಳಿ) ಕೊಟ್ಟ ಪರಿಹಾರ ಸಾಲದು ಅನ್ನಿಸಿದರೆ ಹೈಕೋರ್ಟ್‌ಗೆ ಮೇಲ್ಮನವಿ ಹಾಕಬಹುದು. ಆದರೆ ಸುಮ್ನೆ ‘ಕಡಿಮೆ ಆಯ್ತು’ ಅಂದರೆ ಸಾಲದು. ಯಾವ ಲೆಕ್ಕದಲ್ಲಿ ಕಡಿಮೆ ಆಯಿತು ಅಂತ ತೋರಿಸಬೇಕು.

ಮೊದಲ ಕೆಲಸ, ತೀರ್ಪಿನ ದೃಢೀಕೃತ ಪ್ರತಿಗೆ ಅರ್ಜಿ. ಇದನ್ನು ನಾಳೆಗೆ ಇಡಬೇಡಿ. ಮೋಟಾರು ವಾಹನ ಕಾಯ್ದೆಯ 173ನೇ ಕಲಂ ಮೇಲ್ಮನವಿಗೆ ಕೊಡುವುದು 90 ದಿನ. ಪ್ರತಿ ಸಿದ್ಧವಾಗಲು ಹಿಡಿದ ದಿನಗಳನ್ನು ಇದರಲ್ಲಿ ಎಣಿಸುವುದಿಲ್ಲ. ಸರಿಯಾದ ಕಾರಣ ಇದ್ದರೆ ತಡವನ್ನು ಮನ್ನಿಸುತ್ತಾರೆ, ಆದರೆ ಆ ಅವಧಿಯ ಬಡ್ಡಿ ಕೈತಪ್ಪುವುದುಂಟು. ತಕರಾರಿನ ಮೊತ್ತ 1 ಲಕ್ಷ ರೂಪಾಯಿಗಿಂತ ಕಡಿಮೆ ಇದ್ದರೆ ಮೇಲ್ಮನವಿಯೇ ಇಲ್ಲ.

ಪ್ರತಿ ಸಿಕ್ಕ ಮೇಲೆ ಪರಿಹಾರದ ಪಟ್ಟಿ ತೆಗೆದು ನೋಡಿ. ನೋವು, ಆಸ್ಪತ್ರೆ ಖರ್ಚು, ಮಲಗಿದ್ದ ತಿಂಗಳುಗಳ ಸಂಪಾದನೆ, ಮುಂದಿನ ಚಿಕಿತ್ಸೆ ಅಂತ ಸಾಲುಗಳಿರುತ್ತವೆ. ಶಾಶ್ವತ ಊನ ಆದವರ ಕೇಸಿನಲ್ಲಿ ದೊಡ್ಡ ವ್ಯತ್ಯಾಸ ಬರುವುದು ಒಂದೇ ಸಾಲಿನಲ್ಲಿ: ಮುಂದಿನ ದುಡಿಮೆಯ ನಷ್ಟ.

34 ವರ್ಷದ ಬಡಗಿಯೊಬ್ಬರನ್ನು ಅಂದುಕೊಳ್ಳಿ. ಎಡಗೈ ಬೆರಳುಗಳು ಮಡಚುವುದಿಲ್ಲ. ಬಲಗೈ ಉಳಿ ಹೊಡೆಯಬೇಕಾದರೆ ಎಡಗೈ ಅದನ್ನು ಗಟ್ಟಿಯಾಗಿ ಹಿಡಿದಿರಬೇಕು, ಅಲ್ವಾ? ಟ್ರಿಬ್ಯೂನಲ್ ತಿಂಗಳಿಗೆ 12,000 ಆದಾಯ, ಶೇ 20 ನಷ್ಟ ಹಿಡಿಯಿತು. ವರ್ಷದ ನಷ್ಟವನ್ನು ವಯಸ್ಸಿಗೆ ತಕ್ಕ ಒಂದು ಗುಣಕದಿಂದ ಗುಣಿಸುತ್ತಾರೆ; 31ರಿಂದ 35 ವರ್ಷದವರಿಗೆ ಅದು 16. ಲೆಕ್ಕ 4,60,800 ರೂಪಾಯಿ. ಆದಾಯ 15,000, ನಷ್ಟ ಶೇ 50 ಅಂತ ಸಾಬೀತಾದರೆ ಅದೇ ಸಾಲು 14,40,000 ಆಗುತ್ತದೆ. 40 ವರ್ಷದೊಳಗಿನ ಸ್ವಂತ ಕಸುಬಿನವರಿಗೆ ಮುಂದೆ ಏರಬಹುದಾದ ಆದಾಯ ಅಂತ ಶೇ 40 ಸೇರಿಸಿದರೆ 20,16,000. ಶಾಶ್ವತ ಊನ ಆದ ಗಾಯಾಳುಗಳಿಗೂ ಇದನ್ನು ಸೇರಿಸಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಎಷ್ಟೋ ತೀರ್ಪುಗಳಲ್ಲಿ ಇದು ಬಿಟ್ಟುಹೋಗಿರುತ್ತದೆ, ಮರೆಯದೆ ನೋಡಿ.

ಶೇ 50 ಎಲ್ಲಿಂದ ಬರಬೇಕು? ವೈದ್ಯರು ಹೇಳುವುದು ದೇಹದ ಊನ. ಕೋರ್ಟ್ ಅಳೆಯಬೇಕಾದ್ದು ದುಡಿಮೆಯ ನಷ್ಟ. ಎರಡೂ ಒಂದಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಬಿಡಿಸಿ ಹೇಳಿದೆ: ಎಡಗೈ ಹೋದರೆ ಗುಮಾಸ್ತರ ಕೆಲಸ ಉಳಿಯಬಹುದು, ಚಾಲಕನದು ಅಥವಾ ಬಡಗಿಯದು ಪೂರ್ತಿ ಹೋಗಬಹುದು. ಹಾಗಾಗಿ ನಿಮ್ಮ ಕಸುಬಿನಲ್ಲಿ ಆ ಕೈ, ಆ ಕಾಲು ಏನು ಮಾಡುತ್ತಿತ್ತು ಅನ್ನುವುದನ್ನು ವಕೀಲರಿಗೆ ಬಿಡಿಬಿಡಿಯಾಗಿ ಹೇಳಿ. ಸಂಕೋಚ ಬೇಡ. ನನ್ನ ಪ್ರಕಾರ ಇಡೀ ಮೇಲ್ಮನವಿಯ ಜೀವ ಅಲ್ಲಿದೆ.

ಸಂಬಳದ ಚೀಟಿ ಇಲ್ಲದಿದ್ದರೂ ದಾರಿ ಇದೆ. ಆದಾಯಕ್ಕೆ ಪುರಾವೆ ಇಲ್ಲದ ಕಡೆ ಕರ್ನಾಟಕ ಹೈಕೋರ್ಟ್, ಲೋಕ ಅದಾಲತ್‌ಗಾಗಿ ಕಾನೂನು ಸೇವಾ ಪ್ರಾಧಿಕಾರ ಮಾಡಿರುವ ಅಂದಾಜು ಆದಾಯದ ಪಟ್ಟಿಯನ್ನು ನೋಡುತ್ತದೆ. ಅಪಘಾತದ ವರ್ಷಕ್ಕೆ ಅದರಲ್ಲಿ ಎಷ್ಟಿದೆ ಅಂತ ವಕೀಲರನ್ನು ಕೇಳಿ.

ಮೇಲ್ಮನವಿಯನ್ನು ಎಂಎಫ್‌ಎ (ಮಿಸಲೇನಿಯಸ್ ಫಸ್ಟ್ ಅಪೀಲ್) ಅನ್ನುತ್ತಾರೆ. ನಿಮ್ಮ ಜಿಲ್ಲೆ ನೋಡಿಕೊಂಡು ಬೆಂಗಳೂರು, ಧಾರವಾಡ ಅಥವಾ ಕಲಬುರಗಿಯಲ್ಲಿ ಹಾಕಬೇಕು. ಕ್ಲೇಮಿನಲ್ಲಿ ಕಡಿಮೆ ಕೇಳಿದ್ದೆವು ಅಂತ ಹೆದರಬೇಡಿ, ನ್ಯಾಯವಾಗಿ ಬರಬೇಕಾದದ್ದು ಅದಕ್ಕಿಂತ ಜಾಸ್ತಿ ಇದ್ದರೂ ಕೋರ್ಟ್ ಕೊಡಬಹುದು.

ವಿಮಾ ಕಂಪನಿಯೇ ಮೊದಲು ಮೇಲ್ಮನವಿ ಹಾಕಿದರೆ? ನೋಟಿಸ್ ಕೈಸೇರಿದ ಒಂದು ತಿಂಗಳೊಳಗೆ ಕ್ರಾಸ್ ಅಬ್ಜೆಕ್ಷನ್ ಹಾಕಿ, ಅಂದರೆ ಅವರ ಮೇಲ್ಮನವಿಯಲ್ಲೇ ನಿಮ್ಮ ಪರಿಹಾರ ಏರಿಸಿ ಅಂತ ಕೇಳುವ ಎದುರು ಆಕ್ಷೇಪಣೆ. ಇಲ್ಲವಾದರೆ ಅವರ ಮೇಲ್ಮನವಿ ವಜಾ ಆದರೂ ನಿಮ್ಮ ಮೊತ್ತ ಏರುವುದು ಕಷ್ಟ.

ಫೀಸಿಗೆ ಹಣವಿಲ್ಲ ಅಂತ ಕೈಬಿಡಬೇಡಿ. ಮಹಿಳೆಯರು, ಅಂಗವಿಕಲರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇರಲಿ, ಹೈಕೋರ್ಟ್ ಕಾನೂನು ಸೇವಾ ಸಮಿತಿಯಲ್ಲಿ ಉಚಿತ ವಕೀಲರನ್ನು ಕೇಳಬಹುದು.