ಗಿಟ್ ವಿಚಿತ್ರವಾಗಿ ಆಡಿದರೆ ಖಾಲಿ ಫೋಲ್ಡರ್ ಮಾಡಿ

ತುಮಕೂರಿನ ಬಿ.ಎಚ್. ರಸ್ತೆ ಪಕ್ಕದ ಒಂದು ರೂಮಿನಲ್ಲಿ ಭಾನುವಾರ ನಾವೊಂದಷ್ಟು ಜನ ಕೂತು ಕೋಡ್ ಬರೆಯುತ್ತೇವೆ. ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ತಂತ್ರಾಂಶ ಗಿಟ್ ಕೈಕೊಟ್ಟರೆ ಹುಡುಗರು ಮಾಡುವುದು ಒಂದೇ ಕೆಲಸ: ಫೋಲ್ಡರ್ ಅಳಿಸಿ ಮತ್ತೆ ಕ್ಲೋನ್ ಮಾಡುವುದು, ಅಂದರೆ ಸರ್ವರಿನಿಂದ ಹೊಸ ನಕಲು ತರುವುದು. ದಯವಿಟ್ಟು ಬೇಡ. ತಪ್ಪು ಎಲ್ಲಿತ್ತು ಅನ್ನುವುದಕ್ಕೆ ಇದ್ದ ಸಾಕ್ಷಿಯೂ ಅದರ ಜೊತೆಗೇ ಹೋಗುತ್ತದೆ. ಇಡೀ ಫೋಲ್ಡರನ್ನು ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ. ಆಮೇಲೆ ಗಿಟ್‌ನ ಹೊಸ ಆವೃತ್ತಿ ಹಾಕಿ ನೋಡಿ.

ಎರಡನೇ ಹೆಜ್ಜೆ, ಅದು ನಿಜವಾಗಲೂ ಗಿಟ್‌ನದೇ ದೋಷ (ಬಗ್) ಹೌದಾ ಅಂತ ನೋಡುವುದು. ಒಬ್ಬ ಹುಡುಗಿ ಜಿಲ್ಲೆಯ ಕೆರೆಗಳ ಪಟ್ಟಿ ಮಾಡುತ್ತಿದ್ದಳು. ತಾಲ್ಲೂಕಿಗೊಂದು ಫೈಲ್, ಹೆಸರು ಕನ್ನಡದಲ್ಲಿ. ಏನೇನು ಬದಲಾಗಿದೆ ಅಂತ ತೋರಿಸುವ ಗಿಟ್ ಸ್ಟೇಟಸ್ ಕಮಾಂಡ್ ಕೊಟ್ಟರೆ ‘ತಿಪಟೂರು’ ಇರಬೇಕಾದ ಕಡೆ \340\262\244 ಅಂತ ಶುರುವಾಗಿ ಸಾಲುದ್ದ ಅಂಕಿ. ಫೈಲ್ ಕೆಟ್ಟೇಹೋಯಿತು ಅಂತ ಗಾಬರಿಯಾದಳು. ಏನೂ ಕೆಟ್ಟಿರಲಿಲ್ಲ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ‘ತ’ ಅಂದರೆ ಮೂರು ಬೈಟ್, ಆ ಮೂರು ಅಂಕಿ ಅವೇ. ‘ಕೋರ್ ಡಾಟ್ ಕೋಟ್‌ಪಾತ್’ ಎಂಬ ಸೆಟ್ಟಿಂಗನ್ನು ಫಾಲ್ಸ್ ಮಾಡಿದ ಕೂಡಲೇ ತಿಪಟೂರು ಬಂತು.

ಮೂರನೆಯದರಲ್ಲೇ ಎಲ್ಲರೂ ಎಡವುವುದು. ಒಂದು ಖಾಲಿ ಫೋಲ್ಡರ್ ಮಾಡಿ. ಅಲ್ಲಿ ಗಿಟ್ ಶುರುಮಾಡಲು ಗಿಟ್ ಇನಿಟ್ ಕೊಡಿ. ಒಂದೇ ಸಾಲಿನ ಎರಡು ಫೈಲ್ ಸೇರಿಸಿ ಕಮಿಟ್ ಮಾಡಿ, ಅಂದರೆ ಗಿಟ್‌ನಲ್ಲಿ ದಾಖಲಿಸಿ. ಕೊಟ್ಟ ಪ್ರತಿಯೊಂದು ಕಮಾಂಡನ್ನೂ ಒಂದು ಕಡೆ ಬರೆದುಕೊಳ್ಳುತ್ತಾ ಹೋಗಿ. ಇಲ್ಲೂ ಅದೇ ತೊಂದರೆ ಬಂದರೆ ಅರ್ಧ ಕೆಲಸ ಮುಗಿಯಿತು. ಬರದಿದ್ದರೆ ಹಳೆಯ ಫೋಲ್ಡರಿನಿಂದ ಒಂದೊಂದನ್ನೇ ತನ್ನಿ: ಮೊದಲು ಕಾನ್ಫಿಗ್ (ಸೆಟ್ಟಿಂಗ್‌ಗಳು), ಆಮೇಲೆ ಹುಕ್ (ಕಮಿಟ್‌ನಂಥ ಕೆಲಸದ ಜೊತೆ ತಾನೇ ಓಡುವ ಸ್ಕ್ರಿಪ್ಟ್), ಆಮೇಲೆ ಗಿಟ್‌ಆಟ್ರಿಬ್ಯೂಟ್ಸ್ ಫೈಲ್ (ಯಾವ ಫೈಲನ್ನು ಗಿಟ್ ಹೇಗೆ ನೋಡಬೇಕು ಅಂತ ಹೇಳುವುದು). ಎರಡನ್ನು ಒಟ್ಟಿಗೆ ತರಲೇಬೇಡಿ, ಯಾವುದರಿಂದ ಬಂತು ಅಂತ ಗೊತ್ತಾಗುವುದಿಲ್ಲ.

ಒಬ್ಬನಿಗೆ ಎಷ್ಟು ಸಲ ರೀಸೆಟ್ ಮಾಡಿ ಹಿಂದಿನ ಕಮಿಟ್‌ಗೆ ಮರಳಿಸಿದರೂ ಒಂದು ಫೈಲ್ ‘ಬದಲಾಗಿದೆ’ ಅಂತಲೇ ತೋರಿಸುತ್ತಿತ್ತು. ಕಾನ್ಫಿಗ್ ತಂದೆವು, ಏನೂ ಆಗಲಿಲ್ಲ. ಆಟ್ರಿಬ್ಯೂಟ್ಸ್ ಫೈಲಿನ ಒಂದು ಸಾಲು ತಂದು, ಅವನ ಫೈಲನ್ನೂ ಇಟ್ಟ ಮೇಲೆ ತೊಂದರೆ ಎದ್ದು ಬಂತು. ಸಾಲು ಹೇಳುತ್ತಿದ್ದದ್ದು ‘ಟೆಕ್ಸ್ಟ್’, ಅಂದರೆ ಸಾಲು ಮುಗಿಯುವ ಗುರುತುಗಳನ್ನು ಗಿಟ್ ಒಂದೇ ರೀತಿಗೆ ತರಬೇಕು ಅಂತ, ಆದರೆ ಫೈಲ್ ಮೊದಲೇ ವಿಂಡೋಸ್ ಸಾಲುಕೊನೆಗಳ ಜೊತೆ ಕಮಿಟ್ ಆಗಿತ್ತು. ‘ಗಿಟ್ ಆ್ಯಡ್’ಗೆ ‘ರೀನಾರ್ಮಲೈಸ್’ ಸೇರಿಸಿ, ಕಮಿಟ್ ಮಾಡಿದ ಮೇಲೆ ಸರಿಹೋಯಿತು. ಇಷ್ಟೆಲ್ಲ ಆಗುವಾಗ ಟರ್ಮಿನಲ್ಲಿನಲ್ಲೇ ಇರಿ. ಬಟನ್ ಒತ್ತುವ ಆ್ಯಪ್‌ಗಳು ಗಿಟ್ ಹೇಳಿದ ಮಾತನ್ನು ಜಾಸ್ತಿ ಮುಚ್ಚಿಬಿಡುತ್ತವೆ.

ತೊಂದರೆ ಉಳಿದೇ ಇದ್ದರೆ ಗಿಟ್ ತಯಾರಿಸುವವರಿಗೆ ತಿಳಿಸಲು ‘ಗಿಟ್ ಬಗ್‌ರಿಪೋರ್ಟ್’ ಕೊಡಿ. 2020ರ 2.27 ಆವೃತ್ತಿಯಿಂದ ಇದು ಇದೆ. ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು, ಎರಡಕ್ಕೂ ವ್ಯತ್ಯಾಸವೇನು ಅಂತ ಕೇಳುವ ಫೈಲ್ ತಾನೇ ತಯಾರಾಗುತ್ತದೆ. ಬರೆದಿಟ್ಟ ಕಮಾಂಡುಗಳನ್ನು ಅಲ್ಲೇ ಹಾಕಿ. ಮೊಬೈಲಿನಲ್ಲಿ ಸ್ಕ್ರೀನಿನ ಫೋಟೋ ತೆಗೆದು ಕಳಿಸಬೇಡಿ, ಅದರಿಂದ ಕಾಪಿ ಮಾಡಿ ಓಡಿಸಿ ನೋಡಲು ಯಾರಿಗೂ ಆಗುವುದಿಲ್ಲ. ಕಾನ್ಫಿಗ್ ಸೇರಿಸುವುದಾದರೆ ರಿಮೋಟ್ (ಸರ್ವರ್) ವಿಳಾಸದಲ್ಲಿ ಪಾಸ್‌ವರ್ಡಿನಂಥ ಟೋಕನ್ ಅಡಗಿದೆಯಾ ನೋಡಿ, ಇದ್ದರೆ ತೆಗೆಯಿರಿ.

ನೀವೇ ಸರಿಮಾಡುವ ಆಸೆ ಇದ್ದರೆ ಗಿಟ್‌ನದೇ ಸೋರ್ಸ್ ತಂದು, ತಪ್ಪು ತಂದ ಕಮಿಟ್ ಹುಡುಕಿಕೊಡುವ ‘ಗಿಟ್ ಬೈಸೆಕ್ಟ್’ ಹಚ್ಚಿ. ಸರಿಯಿದ್ದ ಒಂದು ಆವೃತ್ತಿ, ಕೆಟ್ಟ ಒಂದು ಆವೃತ್ತಿ ಹೇಳಿದರೆ ಅದು ನಡುವಿನದನ್ನು ತೆಗೆದು ಕೊಡುತ್ತಾ ಹೋಗುತ್ತದೆ. 1000 ಕಮಿಟ್ ಇದ್ದರೂ ಸುಮಾರು 10 ಸಲ ನೋಡಿದರೆ ಸಾಕು. ಖಾಲಿ ಫೋಲ್ಡರಿನ ಆ ಕಮಾಂಡುಗಳು ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತವೆ. ಅವನ್ನೇ ಸ್ಕ್ರಿಪ್ಟ್ ಮಾಡಿ ‘ಬೈಸೆಕ್ಟ್ ರನ್’ಗೆ ಕೊಟ್ಟರೆ ಅದು ತಾನೇ ಹುಡುಕುತ್ತದೆ. ತಿದ್ದಿದ ಮೇಲೆ ಅದೇ ಸ್ಕ್ರಿಪ್ಟನ್ನು ಟೆಸ್ಟ್ ಆಗಿ ಬರೆದು, ತಿದ್ದುಪಡಿಯ ಜೊತೆಗೇ ಕಳಿಸಿ.