ಸ್ಕೋರ್ ಬಿಟ್ಟೆ, ದಮ್ಮು ಬಂತು: ವಿಆರ್ ವ್ಯಾಯಾಮದಲ್ಲಿ ನನ್ನ ಅನುಭವ

ಕಣ್ಣ ಮುಂದೆ ಆಟದ ಲೋಕವನ್ನೇ ತಂದಿಡುವ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ಹಾಕಿಕೊಂಡು ಗಾಳಿಗೆ ಗುದ್ದುವವರನ್ನು ನೋಡಿದರೆ ಯಾರಿಗಾದರೂ ನಗು ಬರುತ್ತದೆ. ನನ್ನನ್ನು ನೋಡಿ ನಕ್ಕವರಲ್ಲಿ ದಿನಾ ಓಡುವ ಗೆಳೆಯರಿದ್ದರು, ಜಿಮ್ಮಿಗೆ ಹೋಗುವ ತಮ್ಮನಿದ್ದ. 'ಇದು ಮೂರು ತಿಂಗಳ ಹುಚ್ಚು' ಎಂದು ಭವಿಷ್ಯ ಹೇಳಿದವರೂ ಇದ್ದರು. ಒಂದೂವರೆ ವರ್ಷದ ಮೇಲಾಯಿತು, ಹುಚ್ಚು ಬಿಟ್ಟಿಲ್ಲ. ಬೆಳಗ್ಗೆ ಎದ್ದ ಕೂಡಲೇ ನೋಡುವ ನಾಡಿ ಬಡಿತ 78ರ ಆಸುಪಾಸಿನಲ್ಲಿತ್ತು, ಈಗ 65ರ ಹತ್ತಿರ ಇದೆ. ಸೊಂಟ ಎರಡು ಇಂಚು ಇಳಿದಿದೆ, ಸ್ವಲ್ಪ ಜಾಸ್ತಿಯೇ ಇರಬಹುದು. ತೂಕ ಮಾತ್ರ ನಾಲ್ಕು ಕೆಜಿಗಿಂತ ಹೆಚ್ಚು ಇಳಿದಿಲ್ಲ. ಅದು ಊಟದ ಕಡೆಯ ಲೆಕ್ಕ, ಇಲ್ಲಿ ಬೇಡ. ಓಡುವ ಗೆಳೆಯರಲ್ಲಿ ಒಬ್ಬ ಬಂದು ಬಾಕ್ಸಿಂಗ್ ಆಡಿ, ಎರಡನೇ ಸುತ್ತಿಗೇ ಕುರ್ಚಿ ಕೇಳಿದ. ಅದನ್ನೂ ಇಲ್ಲೇ ಬರೆದಿಡುತ್ತೇನೆ.

ನನಗೆ ಕೈಗೂಡಿದ್ದು ಇಷ್ಟೇ: ಸ್ಕೋರ್ ನೋಡುವುದನ್ನು ಬಿಟ್ಟು ಹಾರ್ಟ್ ರೇಟ್ ನೋಡಿ ಆಡಲು ಶುರು ಮಾಡಿದೆ. ಕೇಳಲು ಸುಲಭ. ಆಡಲು ನಿಂತಾಗ ಗೊತ್ತಾಗುತ್ತದೆ, ಆಟ ಎಷ್ಟು ಜಾಣತನದಿಂದ ನಮ್ಮನ್ನು ಸೋಮಾರಿ ಮಾಡುತ್ತದೆ ಅಂತ.

ಬೀಟ್ ಸೇಬರ್ ವಿಆರ್ ಆಡುವವರಿಗೆಲ್ಲ ಗೊತ್ತು: ಹಾಡಿನ ತಾಳಕ್ಕೆ ಎದುರು ಬರುವ ಬ್ಲಾಕುಗಳನ್ನು ಕತ್ತಿಯಿಂದ ಕಡಿಯುವ ಆಟ. ಅದರ ಅಂಕದ ಲೆಕ್ಕ ನೋಡಿ. ಒಂದು ಬ್ಲಾಕಿಗೆ ಹೆಚ್ಚೆಂದರೆ 115. ಕಡಿಯುವ ಮೊದಲು ಕತ್ತಿ 100 ಡಿಗ್ರಿ ತಿರುಗಿದ್ದರೆ 70 ಅಂಕ. ಕಡಿದ ಮೇಲೆ 60 ಡಿಗ್ರಿ ಸಾಗಿದರೆ 30. ಸರಿಯಾಗಿ ನಡುವೆ ಕಡಿದಿದ್ದಕ್ಕೆ ಉಳಿದ 15. ಹೆಗಲು ಬಳಸಿದ್ದಕ್ಕೆ ಅಂಕವಿಲ್ಲ, ಮಂಡಿ ಬಗ್ಗಿಸಿದ್ದಕ್ಕೂ ಇಲ್ಲ. ಕೋನ ಬಂದರೆ ಸಾಕು, ಅದನ್ನು ಮಣಿಕಟ್ಟು ಒಂದೇ ತಂದುಕೊಡುತ್ತದೆ. ಹಾಗಾಗಿ ಆಟದಲ್ಲಿ ಪಳಗಿದಷ್ಟೂ ಮೈ ಅಲ್ಲಾಡುವುದು ಕಡಿಮೆ. ಶುರುವಿನಲ್ಲಿ ಹಾರ್ಡ್ ಮಟ್ಟದಲ್ಲಿ ನನಗೆ 140 ದಾಟುತ್ತಿದ್ದ ಎದೆಬಡಿತ, ಕೈ ಕುದುರಿದ ಮೇಲೆ ಎಕ್ಸ್‌ಪರ್ಟ್ ಮಟ್ಟದಲ್ಲೂ 110ರ ಮೇಲೆ ಏಳುತ್ತಿರಲಿಲ್ಲ. ಸ್ಕೋರ್ ಪಟ್ಟಿಯಲ್ಲಿ ಮೇಲೇರುತ್ತಿದ್ದೆ, ಮೆಟ್ಟಿಲು ಹತ್ತಿದರೆ ಮೊದಲಿನಂತೆಯೇ ಏದುಸಿರು.

ಆಮೇಲೆ ಉಲ್ಟಾ ಮಾಡಿದೆ. ಮಟ್ಟ ಇಳಿಸಿ ಮತ್ತೆ ಹಾರ್ಡ್‌ಗೆ ಬಂದೆ. ಮಂಡಿ ಸದಾ ಸ್ವಲ್ಪ ಬಗ್ಗಿರಬೇಕು. ಪ್ರತಿ ಕಡಿತಕ್ಕೂ ಕೈ ಹೆಗಲಿನಿಂದ ಬೀಸಬೇಕು. ಬ್ಲಾಕ್ ಬಲಗಡೆ ಬಂದರೆ ಮೈಯೂ ಬಲಕ್ಕೆ ಒಂದು ಹೆಜ್ಜೆ ಹೋಗಬೇಕು. ತಲೆಯ ಮೇಲೆ ಗೋಡೆ ಬಂದಾಗ ಕತ್ತು ತಗ್ಗಿಸಿ ತಪ್ಪಿಸಿಕೊಳ್ಳುವ ಹಾಗಿಲ್ಲ, ಪೂರ್ತಿ ಬಸ್ಕಿ. ಗೋಡೆ ಜಾಸ್ತಿ ಇರುವ ಹಾಡುಗಳನ್ನೇ ಹುಡುಕಿ ಪಟ್ಟಿ ಮಾಡಿಕೊಂಡೆ. ಸ್ಕೋರ್ ಪಾತಾಳಕ್ಕೆ ಹೋಯಿತು, ಎದೆಬಡಿತ 145ರಲ್ಲಿ ನಿಂತಿತು. ಹಾಡುಗಳನ್ನು ಯಾವ ಕ್ರಮದಲ್ಲಿ ಜೋಡಿಸಿದರೆ ನಡುವೆ ಬಡಿತ ಬೀಳುವುದಿಲ್ಲ ಎಂಬುದಕ್ಕೆ ಒಂದು ಸೂತ್ರ ಇದೆ. ಅದು ಸದ್ಯ ನನ್ನ ಹತ್ತಿರವೇ ಇರಲಿ.

ಅಳೆಯುವ ವಿಷಯದಲ್ಲಿ ಒಂದು ಎಚ್ಚರಿಕೆ. ಕೈಗಡಿಯಾರ ನಂಬಬೇಡಿ. ಓಡುವಾಗ ಪರವಾಗಿಲ್ಲ ಎನ್ನುವಂತೆ ತೋರಿಸುವ ಗಡಿಯಾರವೇ ಕತ್ತಿ ಬೀಸುವಾಗ, ಗುದ್ದುವಾಗ ತಲೆಬುಡವಿಲ್ಲದ ಸಂಖ್ಯೆ ಕೊಡುತ್ತದೆ. ಮಣಿಕಟ್ಟು ಅಷ್ಟು ಅಲ್ಲಾಡಿದರೆ ಅದರ ಬೆಳಕಿನ ಸೆನ್ಸರ್‌ಗೆ ರಕ್ತದ ಮಿಡಿತ ಸರಿಯಾಗಿ ಸಿಗುವುದಿಲ್ಲ. ಎದೆಗೆ ಕಟ್ಟುವ ಬೆಲ್ಟ್ 150 ಎನ್ನುತ್ತಿದ್ದಾಗ ನನ್ನ ಗಡಿಯಾರ 100 ಎನ್ನುತ್ತಿತ್ತು. ಅದನ್ನು ನಂಬಿ ಎಷ್ಟು ವಾರ ಸುಮ್ನೆ ಜಾಸ್ತಿ ಕುಣಿದೆನೋ. ಹೆಡ್‌ಸೆಟ್ ತೋರಿಸುವ ಕ್ಯಾಲೊರಿಯೂ ಅಂದಾಜೇ. ನಾನು ಮೆಟ್ (ಸುಮ್ಮನೆ ಕೂತಾಗಿನ ಶಕ್ತಿ ಖರ್ಚಿನ ಎಷ್ಟು ಪಟ್ಟು ಎಂಬ ಅಳತೆ) ಲೆಕ್ಕ ಹಾಕಿಕೊಳ್ಳುತ್ತೇನೆ: ಮೆಟ್ ಗುಣಿಸು 3.5, ಗುಣಿಸು ತೂಕ, ಭಾಗಿಸು 200. 75 ಕೆಜಿಯವರು 6 ಮೆಟ್‌ನಲ್ಲಿ ಆಡಿದರೆ ನಿಮಿಷಕ್ಕೆ 8 ಕ್ಯಾಲೊರಿಯ ಹತ್ತಿರ, ಅರ್ಧ ಗಂಟೆಗೆ 240ರ ಒಳಗೆ. ಇದಕ್ಕಿಂತ ದುಪ್ಪಟ್ಟು ತೋರಿಸುವ ಆ್ಯಪ್ ನೋಡಿ ಖುಷಿಪಡಬೇಡಿ. 3 ಮೆಟ್ ದಾಟಿದರೆ ಮಧ್ಯಮ, 6 ಮುಟ್ಟಿದರೆ ಜೋರು. ಬೆಲ್ಟ್ ಇಲ್ಲದವರಿಗೆ ಮಾತಿನ ಪರೀಕ್ಷೆ ಇದ್ದೇ ಇದೆ. ಆಡುತ್ತಾ ಮಾತಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಎಂದರೆ ಮಧ್ಯಮ. ನಾಲ್ಕು ಪದಕ್ಕೆ ಉಸಿರು ಕಟ್ಟಿದರೆ ಜೋರು.

ವಿಆರ್‌ಗೆ ಮೊದಲು ಆಡಿದ್ದೇನೂ ಕಡಿಮೆ ಇಲ್ಲ. 2006ರಲ್ಲಿ ರಿಮೋಟ್ ಬೀಸಿ ಟಿವಿಯಲ್ಲಿ ಆಡುವ ನಿಂಟೆಂಡೊ ವೀ ಬಂದಾಗ ಟೆನಿಸ್ ಆಡಿ ಬೆವರು ಸುರಿಸುತ್ತೇವೆ ಅಂದುಕೊಂಡೆವು. ಎರಡನೇ ವಾರಕ್ಕೆ ಎಲ್ಲರೂ ಸೋಫಾದಲ್ಲಿ ಕೂತು ಕೈ ಚಿಮ್ಮಿಸುತ್ತಿದ್ದೆವು. ಮರುವರ್ಷದ ವೀ ಫಿಟ್‌ನ ಹಲಗೆ ಸಮತೋಲನಕ್ಕೆ ಚೆನ್ನಾಗಿತ್ತು, ಎದೆಬಡಿತಕ್ಕೆ ಏನೂ ಇಲ್ಲ. 2010ರ ಕಿನೆಕ್ಟ್ ನನಗೆ ಈಗಲೂ ಇಷ್ಟ. ಕೈಯಲ್ಲಿ ಏನೂ ಇರುವುದಿಲ್ಲ, ಕ್ಯಾಮೆರಾ ಇಡೀ ಮೈ ನೋಡುತ್ತದೆ, ಮೋಸ ಮಾಡುವುದು ಕಷ್ಟ. ಆದರೆ ಆರೇಳು ಅಡಿ ಹಿಂದೆ ನಿಲ್ಲಬೇಕು, ಪೀಠೋಪಕರಣ ಎಲ್ಲ ಸರಿಸಬೇಕು. ದಿನಾ ಸೋಫಾ ಎಳೆಯುವ ಉತ್ಸಾಹ ಎಷ್ಟು ದಿನ ಇರುತ್ತದೆ? ಡ್ಯಾನ್ಸ್ ಮ್ಯಾಟ್ ಕಥೆ ಕೇಳಲೇಬೇಡಿ. 1998ರ ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್ ಗಟ್ಟಿ ವೇದಿಕೆಯ ಮೇಲೆ ಹಾಡಿಗೆ ತಕ್ಕಂತೆ ಬಾಣದ ಗುರುತು ತುಳಿದು ಆಡುವ ಆಟ. ಮನೆಗೆ ಸಿಗುವ ತೆಳು ಮ್ಯಾಟ್ ಕಾಲಡಿಯಲ್ಲಿ ಜಾರುತ್ತದೆ. ನನ್ನದು ಹರಿದೇ ಹೋಯಿತು.

ಕೈಯಲ್ಲಿ ರಿಂಗ್ ಹಿಡಿದು ಟಿವಿ ಮುಂದೆ ಆಡುವ ರಿಂಗ್ ಫಿಟ್ ಮಾತ್ರ ಬೇರೆ ಜಾತಿ. ಆ ರಿಂಗ್ ಒತ್ತಿದರೆ, ಎಳೆದರೆ ನಿಜವಾಗಿ ಎದುರು ಬಲ ಕೊಡುತ್ತದೆ. ತೊಡೆಗೆ ಕಟ್ಟಿದ ಪಟ್ಟಿ ಬಸ್ಕಿಯ ಆಳ ನೋಡುತ್ತದೆ. ವಿಆರ್‌ನಲ್ಲಿ ಇಲ್ಲದಿರುವುದು ಇದೇ ಅಲ್ವಾ, ಎದುರು ಬಲ? ಕೆಳಮನೆಯವರು ದೂರಿದ ಮೇಲೆ ಅದರ ಸೈಲೆಂಟ್ ಮೋಡ್ ಹಾಕಿಕೊಂಡೆ. ನಿಂತಲ್ಲೇ ಓಡುವ ಬದಲು ಮಂಡಿ ಬಗ್ಗಿಸಿ ಏಳಬೇಕು. ತೊಡೆ ಉರಿಯುವುದು ಓಡುವುದಕ್ಕಿಂತ ಜಾಸ್ತಿ. ಅದನ್ನು ಈಗಲೂ ವಾರಕ್ಕೊಮ್ಮೆ ತೆಗೆಯುತ್ತೇನೆ.

ಇನ್ನು ದುಡ್ಡು. ಹೆಡ್‌ಸೆಟ್ ಬೆಲೆ ಒಂದೇ ಲೆಕ್ಕ ಹಾಕಿದವರು ಆಮೇಲೆ ಅಳುತ್ತಾರೆ. ಬಿಡಿ ಸಾಮಾನಿಗೆ ನನಗೆ ಹೆಡ್‌ಸೆಟ್‌ನ ಅರ್ಧ ಬೆಲೆಯ ಹತ್ತಿರ ಹೋಯಿತು. ಅದರಲ್ಲಿ ಅರ್ಧ ದಂಡ. ಕ್ವೆಸ್ಟ್ 2 ಮತ್ತು 3 ಹೆಡ್‌ಸೆಟ್‌ಗಳು ಎರಡೂ ಅರ್ಧ ಕೆಜಿಯ ಹತ್ತಿರ ತೂಗುತ್ತವೆ, ಭಾರವೆಲ್ಲ ಮುಖದ ಕಡೆ. ಜತೆಗೆ ಬರುವ ಬಟ್ಟೆ ಪಟ್ಟಿಯಲ್ಲಿ ಹಾರಿದರೆ ಹೆಡ್‌ಸೆಟ್ ಮೂಗಿಗೆ ಕುಟ್ಟುತ್ತದೆ. ಗಟ್ಟಿ ಸ್ಟ್ರಾಪ್ ತರಿಸಿದೆ. ಮೊದಲನೆಯದು ಅಗ್ಗದ್ದು, ತಿರುಗಣೆಯ ಹತ್ತಿರ ಬಿರುಕು ಬಿಟ್ಟಿತು. ಎರಡನೆಯದು ಹಿಂದೆ ಬ್ಯಾಟರಿ ಇರುವಂಥದ್ದು. ಚಾರ್ಜ್‌ಗಿಂತ ಮುಖ್ಯವಾಗಿ ಅದು ಮುಂದಿನ ಭಾರಕ್ಕೆ ಎದುರು ತೂಕ. ಮುಖದ ಸ್ಪಂಜು ಬೆವರು ಕುಡಿದು ನಾರುತ್ತದೆ, ಸಿಲಿಕೋನ್ ಕವರ್ ಹಾಕದೆ ಗತಿ ಇಲ್ಲ. ಕೈಯಲ್ಲಿ ಹಿಡಿಯುವ ಕಂಟ್ರೋಲರ್‌ಗೆ ರೀಚಾರ್ಜ್ ಸೆಲ್ ನಾಲ್ಕು ಇಟ್ಟುಕೊಂಡರೆ ವರ್ಷದಲ್ಲಿ ಆ ದುಡ್ಡು ವಾಪಸ್. ತಿಂಗಳ ಚಂದಾ ಕಟ್ಟುವ ತರಬೇತಿ ಆ್ಯಪ್ ಒಂದನ್ನು ಆರು ತಿಂಗಳೋ ಏನೋ ಇಟ್ಟುಕೊಂಡಿದ್ದೆ. ಚೆನ್ನಾಗಿತ್ತು. ಆದರೆ ಆ ದುಡ್ಡಿಗೆ ಪೂರ್ತಿ ಕೊಂಡುಕೊಳ್ಳುವ ಆಟಗಳು ಮೂರು ಬರುತ್ತವೆ ಎಂದು ನಿಲ್ಲಿಸಿದೆ. ಎಲ್ಲ ಸೇರಿಸಿದರೂ ಈ ಹೊತ್ತಿಗೆ ತಮ್ಮ ಜಿಮ್ಮಿಗೆ ಕಟ್ಟಿದ್ದು ನನ್ನ ಖರ್ಚನ್ನು ದಾಟಿದೆ.

ಅತಿ ದೊಡ್ಡ ದಂಡ ಎಂದರೆ ಮಣಿಕಟ್ಟಿಗೆ ಕಟ್ಟುವ ತೂಕ. ಅರ್ಧ ಅರ್ಧ ಕೆಜಿ ಕಟ್ಟಿ ಗುದ್ದಿದರೆ ಕಷ್ಟ ಹೆಚ್ಚು, ಲಾಭ ಹೆಚ್ಚು ಎಂಬ ಲೆಕ್ಕ ಎಲ್ಲರೂ ಹಾಕುತ್ತಾರೆ. ಚೀಲಕ್ಕೆ ಗುದ್ದಿದರೆ ಚೀಲ ಕೈಯನ್ನು ನಿಲ್ಲಿಸುತ್ತದೆ. ವಿಆರ್‌ನಲ್ಲಿ ಎದುರಾಳಿ ಬರೀ ಗಾಳಿ, ಕೈಯನ್ನು ನಿಲ್ಲಿಸಬೇಕಾದದ್ದು ಮೊಣಕೈ. ತುದಿಯಲ್ಲಿ ತೂಕ ಇದ್ದರೆ ಆ ಏಟೆಲ್ಲ ಕೀಲಿಗೇ. ಎರಡು ತಿಂಗಳ ಹತ್ತಿರ ಬಾಟಲಿ ಮುಚ್ಚಳ ತಿರುಗಿಸಲೂ ನೋಯುತ್ತಿತ್ತು. ಈಗ ಥ್ರಿಲ್ ಆಫ್ ದ ಫೈಟ್ ಎಂಬ ಬಾಕ್ಸಿಂಗ್ ಆಟ ಆಡುವಾಗ ಬರಿಗೈ. ತೋಳು ಪೂರ್ತಿ ಚಾಚುವ ಮೊದಲೇ ತಡೆದು ಹಿಂದಕ್ಕೆ ಎಳೆಯುತ್ತೇನೆ. ಗುದ್ದಿನ ಬಲ ಸೊಂಟ ತಿರುಗಿಸುವುದರಿಂದ ಬರಲಿ. ಬೆನ್ನಿಗೂ ಕೆಲಸ ಸಿಗುತ್ತದೆ. ಮೂರು ನಿಮಿಷದ ಸುತ್ತು, ಒಂದು ನಿಮಿಷ ಬಿಡುವು. ಆರು ಸುತ್ತು ನಿಜವಾಗಿ ಆಡಿದರೆ ಟೀ ಶರ್ಟ್ ಹಿಂಡಬಹುದು. ನನ್ನ ವಯಸ್ಸಿಗೆ 208ರಿಂದ ವಯಸ್ಸಿನ 0.7 ಭಾಗ ಕಳೆದರೆ ಗರಿಷ್ಠ ಎದೆಬಡಿತದ ಅಂದಾಜು 179 ಬರುತ್ತದೆ. ಕೊನೆಯ ಸುತ್ತುಗಳಲ್ಲಿ 165 ಮುಟ್ಟಿದ್ದೇನೆ. ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು.

ತಲೆಸುತ್ತು, ವಾಕರಿಕೆ ಬಂದು ಬಿಟ್ಟವರು ತುಂಬಾ ಜನ. ಕಣ್ಣು ಓಡುತ್ತಿದ್ದೇನೆ ಎನ್ನುತ್ತದೆ, ಕಿವಿಯೊಳಗಿನ ಸಮತೋಲನ ನಿಂತಿದ್ದೇನೆ ಎನ್ನುತ್ತದೆ, ಆ ಜಗಳ ಹೊಟ್ಟೆಗೆ ಬರುತ್ತದೆ. ಕಂಟ್ರೋಲರ್‌ನ ಸ್ಟಿಕ್ ಒತ್ತಿ ನಡೆಯುವ ಆಟಗಳನ್ನು ನಾನು ವ್ಯಾಯಾಮಕ್ಕೆ ಮುಟ್ಟುವುದೇ ಇಲ್ಲ. ನಿಂತ ಜಾಗದಲ್ಲಿ ನಾನು ಅಲ್ಲಾಡಿದಷ್ಟೇ ಲೋಕ ಅಲ್ಲಾಡಬೇಕು. ಎದುರಿಗೆ ಒಂದು ಫ್ಯಾನ್ ಇಡಿ. ಗಾಳಿಯೂ ಆಯಿತು, ಮುಖಕ್ಕೆ ಗಾಳಿ ಬಡಿಯುವ ಕಡೆ ಮುಂದೆ ಎಂದು ದಿಕ್ಕೂ ಗೊತ್ತಾಯಿತು. ಕಾಲಡಿ ಸಣ್ಣ ದುಂಡು ಮ್ಯಾಟ್ ಇದ್ದರೆ ಪಾದಕ್ಕೇ ಅಂಚು ತಿಳಿಯುತ್ತದೆ, ಗೋಡೆಗೆ ಗುದ್ದುವುದು ತಪ್ಪುತ್ತದೆ. ಲೆನ್ಸ್ ಮಂಜಾಗುವುದಕ್ಕೆ ಎಲ್ಲರೂ ಹೇಳುವುದು ಹೆಡ್‌ಸೆಟ್ಟನ್ನು ಹತ್ತು ನಿಮಿಷ ಮೊದಲೇ ಆನ್ ಮಾಡಿ ಬೆಚ್ಚಗಾಗಲು ಬಿಡಿ ಅಂತ. ಅದು ಮುಕ್ಕಾಲು ಕೆಲಸ ಮಾಡುತ್ತದೆ. ಉಳಿದ ಕಾಲು ಭಾಗಕ್ಕೆ ನನ್ನದೊಂದು ಉಪಾಯ ಇದೆ. ಇನ್ನೊಂದು ಮಳೆಗಾಲ ಪರೀಕ್ಷೆ ಮಾಡಿ ಆಮೇಲೆ ಹೇಳುತ್ತೇನೆ.

ನಡುವೆ ಸೈಕಲ್ ಹುಚ್ಚೂ ಹಿಡಿದಿತ್ತು. ಸ್ಟ್ಯಾಂಡಿಗೆ ಏರಿಸಿದ ಸೈಕಲ್, ತಲೆಗೆ ಹೆಡ್‌ಸೆಟ್, ಕಣ್ಣಿಗೆ ಬೆಟ್ಟದ ದಾರಿ. ನೇರ ದಾರಿಯಲ್ಲಿ ಸ್ವರ್ಗ, ತಿರುವು ಬಂದರೆ ವಾಕರಿಕೆ. ಬಗ್ಗಿ ಕೂತರೆ ಹೆಡ್‌ಸೆಟ್ ಜಾರುತ್ತದೆ, ಬೆವರು ನೇರ ಲೆನ್ಸ್ ಮೇಲೆ. ಟಿವಿ ಮುಂದೆ ತುಳಿಯುವುದೇ ವಾಸಿ. ಟ್ರೆಡ್‌ಮಿಲ್ ಮೇಲೆ ಹೆಡ್‌ಸೆಟ್ ಹಾಕುವ ವಿಡಿಯೊ ನೋಡಿ ಆಸೆಪಡಬೇಡಿ, ಹಲ್ಲು ಮುರಿಯುತ್ತದೆ. ಇಲೆವೆನ್ ಎಂಬ ವಿಆರ್ ಟೇಬಲ್ ಟೆನಿಸ್ ಆಡಿದರೆ ಎದೆಬಡಿತ 115, 120ರಲ್ಲಿ ನಿಲ್ಲುತ್ತದೆ, ಆದರೆ ಒಂದು ಗಂಟೆ ಹೋಗಿದ್ದೇ ಗೊತ್ತಾಗುವುದಿಲ್ಲ. ಮೈ ನೋಯುವ ದಿನಗಳಿಗೆ ಅದು.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ, ಇಲ್ಲವೇ 75ರಿಂದ 150 ನಿಮಿಷ ಜೋರು. ನನ್ನದು ನಾಲ್ಕು ದಿನ ಮೂವತ್ತೈದು ನಿಮಿಷದಂತೆ, ಎರಡು ದಿನ ಬಾಕ್ಸಿಂಗ್, ಎರಡು ದಿನ ಕತ್ತಿ. ಅದೇ ಸಲಹೆಯಲ್ಲಿ ವಾರಕ್ಕೆ ಎರಡು ದಿನ ಸ್ನಾಯು ಗಟ್ಟಿ ಮಾಡುವ ಕಸರತ್ತೂ ಇದೆ. ಅಲ್ಲಿ ವಿಆರ್ ಕೈಕೊಡುತ್ತದೆ, ಅದರಲ್ಲೂ ಎಳೆಯುವ ಕೆಲಸಕ್ಕೆ. ಗಾಳಿಯನ್ನು ಎಳೆಯಲು ಆಗುವುದಿಲ್ಲ. ರಬ್ಬರ್ ಬ್ಯಾಂಡ್, ಡಂಬೆಲ್ ಹಿಡಿದು ಆ ಎರಡು ದಿನ ಹೆಡ್‌ಸೆಟ್ ಇಲ್ಲದೆ ಮಾಡುತ್ತೇನೆ. ಈ ಮಾತಿನಲ್ಲಿ ತಮ್ಮನೇ ಸರಿ, ಒಪ್ಪಿಕೊಂಡಿದ್ದೇನೆ.

ಈಗ ನಡೆಯುತ್ತಿರುವ ಪ್ರಯೋಗ ತೂಕದ ಜಾಕೆಟ್. ಭಾರ ಕೈತುದಿಯಲ್ಲಿ ಇರುವ ಬದಲು ಎದೆ ಬೆನ್ನಿನ ಮೇಲಿದ್ದರೆ ಮೊಣಕೈಗೆ ಏಟಿಲ್ಲ, ಬಸ್ಕಿಗೆ ಕಷ್ಟ ಜಾಸ್ತಿ. ನಾಲ್ಕು ಕೆಜಿಯಿಂದ ಶುರು ಮಾಡಿದ್ದೇನೆ. ಗೋಡೆ ಜಾಸ್ತಿ ಇರುವ ಹಾಡುಗಳಲ್ಲಿ ಎದೆಬಡಿತ ಎಂಟು ಹತ್ತು ಹೆಚ್ಚು ಬರುತ್ತಿದೆ. ಮಂಡಿ ಇನ್ನೂ ದೂರು ಕೊಟ್ಟಿಲ್ಲ. ಎದೆಯ ಬೆಲ್ಟ್ ಮೇಲೆ ಜಾಕೆಟ್ ಕೂತು ಉಜ್ಜುತ್ತದೆ, ಅದೊಂದು ಕಿರಿಕಿರಿ. ಬೆಲ್ಟನ್ನು ಎರಡು ಬೆರಳು ಕೆಳಗೆ ಕಟ್ಟಿದರೆ ಸಂಖ್ಯೆ ಸರಿ ಬರುತ್ತದೆಯೇ ಎಂದು ಈ ವಾರ ನೋಡುತ್ತಿದ್ದೇನೆ.